ಶಾಂತಿ ಸಭೆಗೆ ಹುಡುಗರನ್ನ ಯಾಕೆ ಕರೆಯಲ್ಲ?

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಓದ್ತಾ ಕೂತಾಗ ಗಮನಕ್ಕೆ ಬಂತು, ಅರ್ಧಕ್ಕರ್ಧ ಪ್ರಶ್ನೆ ಮಕ್ಕಳ ಜಗಳ, ಊರಿನ ಜಗಳ, ಮೊಬೈಲಲ್ಲಿ ಬರೋ ಜಗಳದ ಬಗ್ಗೇನೇ ಇವೆ. ಹಾಗಾಗಿ ಈ ಸಲ ಮಾರ್ಕ್ಸು, ಮದುವೆ, ಅತ್ತೆ-ಸೊಸೆ ಎಲ್ಲಾ ಪಕ್ಕಕ್ಕಿಟ್ಟು ಇವನ್ನೇ ತಗೊಂಡಿದೀನಿ. ನಾನೇನು ಈ ವಿಷ್ಯದಲ್ಲಿ ಪಂಡಿತೆ ಅಲ್ಲ, ಡಿಗ್ರಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಾ ಹನ್ನೊಂದು ವರ್ಷ ಎನ್ನೆಸ್ಸೆಸ್ ಆಫೀಸರ್ ಆಗಿದ್ದೆ, ಅಲ್ಲಿ ಸರಿ ಮಾಡಿದ್ದಕ್ಕಿಂತ ತಪ್ಪು ಮಾಡಿ ಕಲ್ತಿದ್ದೇ ಜಾಸ್ತಿ.

ಪ್ರ: ಮೇಡಂ ನಮಸ್ತೆ, ನಾನು ಹೈಸ್ಕೂಲ್ ಟೀಚರ್. ಸೆಪ್ಟೆಂಬರ್ 21ಕ್ಕೆ ವಿಶ್ವ ಶಾಂತಿ ದಿನ ಮಾಡಿದ್ವಿ. ಭಾಷಣ, ಪ್ರತಿಜ್ಞೆ, ಪಾರಿವಾಳದ ಪೋಸ್ಟರ್ ಸ್ಪರ್ಧೆ, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೂ ಆಯ್ತು. ಮಾರನೇ ದಿನ ಪೋಸ್ಟರಲ್ಲಿ ಫಸ್ಟ್ ಪ್ರೈಜ್ ತಗೊಂಡ ಹುಡುಗನೇ ಬೆಂಚಲ್ಲಿ ಜಾಗಕ್ಕೋಸ್ಕರ ಇನ್ನೊಬ್ಬನ ಮೂಗಿಗೆ ಗುದ್ದಿದ್ದಾನೆ. ಶಾಂತಿನ ಪಾಠ ಮಾಡೋಕೆ ಆಗುತ್ತಾ ನಿಜವಾಗ್ಲೂ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉ: ನಗು ಬಂತು ಮೇಡಂ, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ನನ್ನ ಕಥೆನೂ ಇದೇ. ಒಂದು ಸಲ ಏಳು ದಿನದ ಎನ್ನೆಸ್ಸೆಸ್ ಶಿಬಿರ, ಐವತ್ತು ಮಕ್ಕಳು, ಹಳ್ಳಿ ಶಾಲೇಲಿ ವಾಸ. ಬೆಳಗ್ಗೆ ಶ್ರಮದಾನ, ಸಂಜೆ ದಿನಕ್ಕೊಬ್ಬರ ಉಪನ್ಯಾಸ. ಮೂರನೇ ದಿನ ಸಂಜೆ ಸೌಹಾರ್ದದ ಬಗ್ಗೆ ನಾನೇ ಮುಕ್ಕಾಲು ಗಂಟೆ ಮಾತಾಡ್ದೆ, ಚಪ್ಪಾಳೆನೂ ಬಿತ್ತು. ರಾತ್ರಿ ಊಟ ಆದ್ಮೇಲೆ ಒಬ್ಬ ಹುಡುಗಿ ಹಿಂದೆ ಬಂದು ಮೆಲ್ಲಗೆ, ಮೇಡಂ ಡ್ಯೂಟಿ ಲಿಸ್ಟ್ ಒಂದ್ಸಲ ನೋಡಿ ಅಂದ್ಲು. ನೋಡಿದ್ರೆ ಮೂರು ದಿನದಿಂದ ಕೆಲವರಿಗೆ ಬರೀ ಪಾತ್ರೆ ತೊಳೆಯೋ ಕೆಲಸ, ಕೆಲವರಿಗೆ ಬರೀ ಬಡಿಸೋ ಕೆಲಸ, ಯಾರಿಗೆ ಯಾವುದು ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಲಿಸ್ಟ್ ಮಾಡಿದ್ದು ಸ್ಟೂಡೆಂಟ್ ಲೀಡರು, ಕೆಳಗೆ ಸೈನ್ ನಂದು. ಭಾಷಣದಲ್ಲಿ ಒಂದು ಹೇಳ್ತಿದ್ದೆ, ಅಡುಗೆಮನೇಲಿ ನನ್ನ ಸೈನೇ ಇನ್ನೊಂದನ್ನ ಕಲಿಸ್ತಾ ಇತ್ತು.

ಪಾಠ ಮಾಡೋಕೆ ಆಗುತ್ತಾ ಅಂದ್ರಲ್ಲ, ಆಗುತ್ತೆ, ಆದ್ರೆ ಪಾಠ ಅಂತ ಮಾಡಿದ್ರೆ ಆಗಲ್ಲ. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದು ಇದೆ, ಶಾಂತಿ ಶಿಕ್ಷಣಕ್ಕೆ ಅಂತ ಬೇರೆ ಸಬ್ಜೆಕ್ಟ್ ಬೇಡ, ಎಲ್ಲಾ ಸಬ್ಜೆಕ್ಟ್ ಒಳಗೂ ಅದು ಬೆರೆತು ಬರ್ಬೇಕು ಅಂತ. ಹೇಳಿದ್ದು ಸರಿಯಾಗೇ ಇದೆ, ಆದ್ರೆ ಬೆರೆಸೋದು ಹೇಗೆ ಅಂತ ಟೀಚರಿಗೆ ಕೂರಿಸ್ಕೊಂಡು ತೋರಿಸ್ದೋರು ಕಡಿಮೆ, ಅದಕ್ಕೇ ಎಲ್ಲರೂ ಪಾರಿವಾಳದ ಮೊರೆ ಹೋಗೋದು.

ಒಂದು ಹಳೇ ಪ್ರಯೋಗ ಹೇಳ್ತೀನಿ ಕೇಳಿ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ರಾಬರ್ಸ್ ಕೇವ್ ಅನ್ನೋ ಪಾರ್ಕಲ್ಲಿ ಮುಜಫರ್ ಶೆರೀಫ್ ಅನ್ನೋ ಮನಶ್ಶಾಸ್ತ್ರಜ್ಞರು 22 ಹುಡುಗರನ್ನ, ಎಲ್ಲಾ ಹನ್ನೊಂದು ವರ್ಷದ ಆಸುಪಾಸಿನೋರು, ಎರಡು ಗುಂಪು ಮಾಡಿ ಬೇಸಿಗೆ ಶಿಬಿರಕ್ಕೆ ಕರ್ಕೊಂಡು ಹೋದ್ರು. ಆಟದಲ್ಲಿ ಪೈಪೋಟಿ ಇಟ್ರು, ಗೆದ್ದೋರಿಗೆ ಬಹುಮಾನ ಅಂದ್ರು. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಡೋದು, ರಾತ್ರಿ ಹೋಗಿ ಕ್ಯಾಬಿನ್ ಮೇಲೆ ದಾಳಿ ಮಾಡೋದು ಶುರುವಾಯ್ತು. ಆಮೇಲೆ ಸರಿ ಮಾಡೋಣ ಅಂತ ಎರಡೂ ಗುಂಪನ್ನ ಒಟ್ಟಿಗೆ ಊಟಕ್ಕೆ ಕೂರಿಸಿದ್ರು, ಸಿನಿಮಾ ತೋರಿಸಿದ್ರು. ತಟ್ಟೇಲಿದ್ದ ಊಟನೇ ಒಬ್ಬರ ಮೇಲೊಬ್ಬರು ಎಸೆದಾಡೋ ಥರ ಆಯ್ತು ಅಷ್ಟೆ, ಬರೀ ಒಟ್ಟಿಗೆ ಕೂರಿಸಿದ್ರೆ ಏನೂ ಆಗ್ಲಿಲ್ಲ. ಯಾವಾಗ ಕುಡಿಯೋ ನೀರಿನ ಲೈನ್ ಕೆಟ್ಟಿದೆ ಅಂತ ಹೇಳಿ ಎಲ್ಲರೂ ಸೇರಿ ಹುಡುಕೋ ಹಾಗೆ ಮಾಡಿದ್ರೋ, ಊಟ ತರೋ ಲಾರಿ ಸ್ಟಾರ್ಟ್ ಆಗ್ತಿಲ್ಲ ಅಂತ ಹಗ್ಗ ಕಟ್ಟಿ ಎರಡೂ ಗುಂಪಿನ ಹುಡುಗರೇ ಎಳೆಯೋ ಹಾಗಾಯ್ತೋ ಆಗ ನಿಧಾನಕ್ಕೆ ಕರಗಿದ್ದು. ಎಳೆದ ಹಗ್ಗ ಯಾವ್ದು ಗೊತ್ತಾ, ಹಗ್ಗಜಗ್ಗಾಟದ್ದೇ. ಕೊನೇಲಿ ವಾಪಸ್ ಹೋಗೋವಾಗ ಒಂದು ಗುಂಪು ತಾನು ಗೆದ್ದಿದ್ದ ಐದು ಡಾಲರಲ್ಲಿ ಎಲ್ಲಾ ಹುಡುಗರಿಗೂ ಮಾಲ್ಟೆಡ್ ಮಿಲ್ಕ್ ಕೊಡಿಸ್ತು.

ಈ ಪ್ರಯೋಗದ ಮೇಲೆ ತಕರಾರೂ ಇದೆ, ಜಗಳ ಹಚ್ಚಿದ್ದೇ ದೊಡ್ಡೋರು ಅಂತ. ಒಪ್ತೀನಿ. ಆದ್ರೆ ಅದರ ಹಿಂದಿನ ವರ್ಷ ಇನ್ನೊಂದು ಶಿಬಿರದಲ್ಲಿ ಹುಡುಗರನ್ನ ಮೊದ್ಲು ಒಟ್ಟಿಗೆ ಬೆರೆಯೋಕೆ ಬಿಟ್ಟು ಆಮೇಲೆ ಗುಂಪು ಒಡೆದಾಗ, ದೊಡ್ಡೋರು ಎಷ್ಟು ಕಡ್ಡಿ ಆಡಿಸಿದ್ರೂ ಅವರು ಜಗಳಕ್ಕೇ ಬೀಳ್ಲಿಲ್ಲ, ಪ್ರಯೋಗ ಅರ್ಧಕ್ಕೇ ನಿಂತ್ಹೋಯ್ತು. ನನಗೆ ಈ ಫೇಲಾದ ಪ್ರಯೋಗವೇ ಜಾಸ್ತಿ ಇಷ್ಟ.

ಕ್ಲಾಸಲ್ಲಿ ಮಾಡೋಕೆ ಒಂದು ಉಪಾಯ ಇದೆ, ಜಿಗ್ಸಾ ಅಂತಾರೆ. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಊರಲ್ಲಿ ಕರಿಯರು ಬಿಳಿಯರು ಮೆಕ್ಸಿಕೋ ಮೂಲದೋರು ಎಲ್ಲಾ ಮಕ್ಕಳೂ ಹೊಸದಾಗಿ ಒಂದೇ ಶಾಲೆಗೆ ಬಂದು ದಿನಾ ಹೊಡೆದಾಟ ಆಗ್ತಿದ್ದಾಗ ಎಲಿಯಟ್ ಆರನ್ಸನ್ ಅನ್ನೋರು ಶುರು ಮಾಡಿದ್ದು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಕಾವೇರಿ ಪಾಠ ಇದೆ ಅಂದ್ಕೊಳ್ಳಿ, ಐದೈದು ಮಕ್ಕಳ ಗುಂಪು ಮಾಡಿ, ನೀವೇ ಬೆರೆಸಿ ಮಾಡಿ, ಅವರಿಗೆ ಬಿಟ್ರೆ ಪಕ್ಕದ ಮನೆಯೋರೇ ಸೇರ್ಕೋತಾರೆ. ಒಬ್ಬನಿಗೆ ತಲಕಾವೇರಿ, ಒಬ್ಬಳಿಗೆ ಹೇಮಾವತಿ ಕಬಿನಿ ಥರ ಉಪನದಿ, ಒಬ್ಬನಿಗೆ ಕೆಆರ್‌ಎಸ್, ಒಬ್ಬಳಿಗೆ ಬೆಳೆ, ಕೊನೆಯವನಿಗೆ ನೀರಿನ ವಿವಾದ. ಪ್ರತಿ ಗುಂಪಿನ ಕೆಆರ್‌ಎಸ್‌ನೋರೆಲ್ಲ ಒಂದ್ಕಡೆ ಕೂತು ತಮ್ಮ ಭಾಗ ಕಲೀತಾರೆ, ವಾಪಸ್ ತಮ್ಮ ಗುಂಪಿಗೆ ಬಂದು ಬಾಕಿ ನಾಲ್ವರಿಗೆ ಹೇಳ್ಕೊಡ್ತಾರೆ. ಟೆಸ್ಟ್ ಮಾತ್ರ ಪೂರ್ತಿ ಪಾಠದ ಮೇಲೆ. ಹಾಗಾಗಿ ಇಷ್ಟು ದಿನ ಯಾರನ್ನ ಮೂಲೇಲಿ ಕೂರಿಸಿದ್ರೋ ಅವನ ಮಾತನ್ನ ಕಿವಿಗೊಟ್ಟು ಕೇಳದೇ ವಿಧಿ ಇಲ್ಲ. ವಿವಾದದ ಭಾಗ ಬಿಡ್ಬೇಡಿ, 1991ರಲ್ಲೂ 2016ರಲ್ಲೂ ಅದೇ ಹೆಸರಲ್ಲಿ ಬೆಂಗಳೂರಲ್ಲಿ ಬೆಂಕಿ ಬಿದ್ದಿದ್ದು, ತಮಿಳುನಾಡಿನ ರೈತನ ಲೆಕ್ಕನೂ ಆ ಮಗು ಓದ್ಲಿ. ಒಂದು ವಾರ ಮಾಡಿ ಬಿಟ್ರೆ ಏನೂ ಆಗಲ್ಲ, ಒಂದು ಟರ್ಮ್ ಪೂರ್ತಿ ಮಾಡಿ ನೋಡಿ ಬರೀರಿ ನನಗೆ.

ಪ್ರ: ಮೇಡಂ, ನಮ್ಮೂರಲ್ಲಿ ಮೆರವಣಿಗೆ ಟೈಮಲ್ಲಿ ಗಲಾಟೆ ಆಯ್ತು. ಆಮೇಲೆ ಸ್ಟೇಷನಲ್ಲಿ ಶಾಂತಿ ಸಭೆ ಕರೆದ್ರು. ನಾನು ಬಾಗಿಲ ಹತ್ರ ನಿಂತು ಎಣಿಸಿದೆ, 26 ಜನ, ಎಲ್ಲಾ ಐವತ್ತು ದಾಟಿದವರು, ಹೆಂಗಸರು ಇಬ್ಬರೇ. ಎಲ್ಲರೂ ಹೇಳಿದ್ದು ಒಂದೇ, ಹುಡುಗರು ದಾರಿ ತಪ್ಪಿದ್ದಾರೆ ಅಂತ. ಒಬ್ಬ ಹುಡುಗನನ್ನೂ ಒಳಗೆ ಕರೆದಿಲ್ಲ. ನಮಗೆ ಏನಾದ್ರೂ ಹಕ್ಕು ಉಂಟಾ?
– ಬಿಕಾಂ ವಿದ್ಯಾರ್ಥಿ, 20 ವರ್ಷ, ದಕ್ಷಿಣ ಕನ್ನಡ

ಉ: ಉಂಟು ತಮ್ಮಾ. ಎಣಿಸಿದ್ಯಲ್ಲ, ಅದು ತುಂಬಾ ಒಳ್ಳೇ ಕೆಲಸ, ಆ ಲೆಕ್ಕ ಬರೆದಿಟ್ಕೋ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು 2250ನೇ ನಂಬರಿನ ನಿರ್ಣಯ ಪಾಸ್ ಮಾಡ್ತು, ಮುಂದೆ ನಿಂತು ತಂದಿದ್ದು ಜೋರ್ಡಾನ್ ದೇಶ. ಶಾಂತಿ ಮತ್ತು ಭದ್ರತೆಯಲ್ಲಿ ಯುವಜನರ ಪಾತ್ರ ಅಂತ ಅದಕ್ಕೋಸ್ಕರನೇ ಬಂದ ಮೊದಲನೇ ನಿರ್ಣಯ ಅದು. 18ರಿಂದ 29 ವರ್ಷದೋರನ್ನ ಯುವಜನ ಅಂತ ಲೆಕ್ಕ ಹಾಕಿ, ತೀರ್ಮಾನ ತಗೊಳ್ಳೋ ಕಡೆ ಅವರನ್ನೂ ಕೂರಿಸಿ, ಹಿಂಸೆಯಿಂದ ಅವರನ್ನ ಕಾಪಾಡಿ, ಹಿಂಸೆ ಆಗೋಕೆ ಮುಂಚೆ ತಡೆಯೋ ಕೆಲಸದಲ್ಲಿ ಜೊತೆಗಿಟ್ಕೊಳ್ಳಿ ಅಂತೆಲ್ಲ ದೇಶಗಳಿಗೆ ಹೇಳುತ್ತೆ. ಈಗ ಇದನ್ನ ಪ್ರಿಂಟ್ ತೆಗೆದು ಇನ್ಸ್‌ಪೆಕ್ಟರ್ ಮುಂದೆ ಇಟ್ರೆ ಅವರು ನಿನ್ನನ್ನ ಮೇಲಿಂದ ಕೆಳಗೆ ನೋಡ್ತಾರೆ ಅಷ್ಟೆ, ನ್ಯೂಯಾರ್ಕಿನ ಕಾಗದ ನಮ್ಮ ಸ್ಟೇಷನ್ ಬಾಗಿಲಿಗೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ. ಆದ್ರೂ ಗೊತ್ತಿರ್ಲಿ, ನೀನು ಕೇಳ್ತಿರೋದು ಹುಡುಗಾಟ ಅಲ್ಲ ಅಂತ.

ಕರೀಲಿ ಅಂತ ಕಾಯದೇ ಮಾಡಿದ ಹುಡುಗರ ಕಥೆ ಹೇಳ್ತೀನಿ. ಯುರೋಪಿನ ಬೋಸ್ನಿಯಾದಲ್ಲಿ 1992ರಿಂದ 95ರವರೆಗೆ ಅಲ್ಲಿನ ಜನಾಂಗಗಳ ಮಧ್ಯನೇ ಯುದ್ಧ ಆಯ್ತಲ್ಲ, ಅದು ಮುಗಿದ ಮೇಲೂ ಎಷ್ಟೋ ಊರಲ್ಲಿ ಒಂದೇ ಶಾಲೆ ಕಟ್ಟಡ, ಒಳಗೆ ಕ್ರೊಯೇಷಿಯನ್ ಮಕ್ಕಳಿಗೆ ಒಂದು ಶಾಲೆ, ಬೋಸ್ನಿಯಾಕ್ ಮುಸ್ಲಿಂ ಮಕ್ಕಳಿಗೆ ಇನ್ನೊಂದು. ಬೇರೆ ಪುಸ್ತಕ, ಕೆಲವು ಕಡೆ ಬೇರೆ ಬಾಗಿಲು, ಬೇರೆ ಶಿಫ್ಟು. ಅದಕ್ಕೆ ಹೆಸರೇ ಒಂದೇ ಸೂರಿನ ಕೆಳಗೆ ಎರಡು ಶಾಲೆ ಅಂತ. ಆದ್ರೆ ಯಾಯ್ಟ್ಸೆ ಅನ್ನೋ ಸಣ್ಣ ಊರಿನ ಹೈಸ್ಕೂಲಲ್ಲಿ ಮಕ್ಕಳು ಒಟ್ಟಿಗೇ ಓದ್ತಿದ್ರು. 2016ರಲ್ಲಿ ಅಲ್ಲಿನ ಪ್ರಾಂತ್ಯದ ರಾಜಕಾರಣಿಗಳು ಅಲ್ಲೂ ಬೇರೆ ಶಾಲೆ ಮಾಡೋಣ ಅಂತ ಹೊರಟ್ರು. ಮಕ್ಕಳು ಒಪ್ಪಲಿಲ್ಲ. ಎರಡೂ ಕಡೆ ಮಕ್ಕಳು ಸೇರಿ ಬೀದಿಗಿಳಿದ್ರು, ಮಾರನೇ ವರ್ಷ ಪ್ರಾಂತ್ಯದ ಸರ್ಕಾರ ಕೂರೋ ಊರಿಗೇ ಹೋಗಿ ಪ್ರತಿಭಟನೆ ಮಾಡಿದ್ರು, ಆ ಪ್ಲಾನ್ ಕೈ ಬಿಟ್ರು. 2018ರಲ್ಲಿ ಆ ಮಕ್ಕಳಿಗೆ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಬಂತು, ಅಲ್ಪಸಂಖ್ಯಾತರ ವಿಷ್ಯದಲ್ಲಿ ಕೆಲಸ ಮಾಡಿದೋರಿಗೆ ಯುರೋಪಲ್ಲಿ ಕೊಡೋದು. ಯುದ್ಧ ಮುಗಿದ್ಮೇಲೆ ಹುಟ್ಟಿದ ಮಕ್ಕಳು ಅವರು, ಯುದ್ಧ ಮಾಡಿದ ತಲೆಮಾರಿಗೆ ಬುದ್ಧಿ ಹೇಳಿದ್ದು.

ಇನ್ನೊಂದು, ಫ್ರಾನ್ಸ್ ಮತ್ತು ಜರ್ಮನಿ. ಎಪ್ಪತ್ತೈದು ವರ್ಷದಲ್ಲಿ ಮೂರು ಯುದ್ಧ ಮಾಡ್ಕೊಂಡೋರು. 1963ರ ಜನವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಮತ್ತು ಜರ್ಮನಿಯ ಚಾನ್ಸಲರ್ ಅಡೆನಾವರ್ ಸ್ನೇಹ ಒಪ್ಪಂದಕ್ಕೆ ಸೈನ್ ಹಾಕಿದ್ರು, ಅದೇ ವರ್ಷ ಎರಡೂ ದೇಶದ ಹುಡುಗ ಹುಡುಗಿಯರನ್ನ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಕಳಿಸೋಕೇ ಅಂತ ಒಂದು ಜಂಟಿ ಆಫೀಸ್ ತೆಗೆದ್ರು. ಇಲ್ಲಿವರೆಗೆ 90 ಲಕ್ಷಕ್ಕೂ ಜಾಸ್ತಿ ಜನ ಹೋಗಿ ಬಂದಿದ್ದಾರೆ. 2003ರಲ್ಲಿ, ಒಪ್ಪಂದಕ್ಕೆ ನಲವತ್ತು ವರ್ಷ ಅಂತ ಬರ್ಲಿನಲ್ಲಿ ಎರಡೂ ದೇಶದ ಹೈಸ್ಕೂಲ್ ಮಕ್ಕಳ ಸಂಸತ್ತು ಸೇರಿಸಿದ್ರು. ನಮ್ಮಲ್ಲಾದ್ರೆ ಡ್ಯಾನ್ಸ್ ಮಾಡಿಸಿ ಕಳಿಸ್ತಿದ್ರು. ಆ ಮಕ್ಕಳು, ನಮಗೆ ಎರಡೂ ದೇಶಕ್ಕೆ ಒಂದೇ ಇತಿಹಾಸ ಪುಸ್ತಕ ಬೇಕು ಅಂದ್ರು. 2006ರಲ್ಲಿ ಮೊದಲನೇ ಸಂಪುಟ ಬಂತು, ಫ್ರೆಂಚಲ್ಲೂ ಜರ್ಮನಲ್ಲೂ ಅದೇ ಪಾಠ.

ಈಗ ನಿನ್ನ ಊರು. ಒಬ್ಬನೇ ಹೋಗ್ಬೇಡ. ಬೇರೆ ಬೇರೆ ಕೇರಿಯ ಐದಾರು ಜನ, ಹುಡುಗಿಯರೂ ಇರ್ಲಿ, ಒಂದೇ ಅರ್ಜಿಗೆ ಸೈನ್ ಹಾಕಿ, ಮುಂದಿನ ಸಭೆಗೆ ನಾವೂ ಬರ್ತೀವಿ ಅಂತ. ಜೊತೆಗೆ ಒಂದು ಕೆಲಸ ಕೇಳಿ ತಗೊಳ್ಳಿ. ಮೆರವಣಿಗೆ ದಿನ ಯಾರೋ ಹೊಡೆದ್ರಂತೆ, ಯಾರೋ ಕಲ್ಲು ಎಸೆದ್ರಂತೆ ಅಂತ ಮೆಸೇಜ್ ಬರುತ್ತಲ್ಲ, ಆ ಜಾಗದಲ್ಲೇ ಇರೋ ಗೆಳೆಯನಿಗೆ ಫೋನ್ ಮಾಡಿ ನಿಜನಾ ಸುಳ್ಳಾ ಅಂತ ಹತ್ತು ನಿಮಿಷದೊಳಗೆ ಸ್ಟೇಷನಿಗೂ ಎರಡೂ ಕಡೆ ಹಿರಿಯರಿಗೂ ತಿಳಿಸೋ ಕೆಲಸ. ಇದು ಹುಡುಗರಿಗಷ್ಟೇ ಆಗೋದು, 26 ಜನ ಹಿರಿಯರಲ್ಲಿ ಎಷ್ಟೋ ಜನಕ್ಕೆ ಫಾರ್ವರ್ಡ್ ಮಾಡೋದೊಂದೇ ಗೊತ್ತು. ಪಾನಕ ಹಂಚೋ ಫೋಟೋಗೆ ಮಾತ್ರ ಕರೆದ್ರೆ ಪಾನಕ ಕುಡಿದು ಬಾ, ಆದ್ರೆ ಅದನ್ನೇ ಪಾಲು ಅಂತ ಒಪ್ಕೋಬೇಡ. ಮತ್ತೆ ಇದು ಅಕ್ಕನ ಮಾತು ಅಂದ್ಕೋ, ಕಲ್ಲು ಹಾರ್ತಿರೋವಾಗ ಮಧ್ಯ ಹೋಗಿ ನಿಲ್ಲಬೇಡ. ಅದು ಪೊಲೀಸರ ಕೆಲಸ, ಅವರಿಗೆ ಹೆಲ್ಮೆಟ್ ಇದೆ, ನಿನಗಿಲ್ಲ.

ಪ್ರ: ನಮಸ್ಕಾರ್ರೀ ಅಕ್ಕಾರ, ನಮ್ಮ ಹುಡುಗ ಒಂಬತ್ತನೇತ್ತ ಓದಾಕತ್ತಾನ. ಹಗಲೂ ರಾತ್ರಿ ಮೊಬೈಲ್‌ನ್ಯಾಗ ರೀಲ್ಸ್ ನೋಡಿ ನೋಡಿ ನಮ್ಮ ಓಣಿ ಮಂದಿ ಬಗ್ಗೆನ ಕೆಟ್ಟ ಕೆಟ್ಟ ಮಾತಾಡ್ತಾನ್ರೀ, ಸಣ್ಣಾವ ಇದ್ದಾಗ ಅವರ ಮನ್ಯಾಗ ಉಂಡು ಬೆಳದಾನ. ಅವರಪ್ಪ ಸಿಟ್ಟಿಗೆದ್ದು ಕಪಾಳಕ್ಕ ಹೊಡದ್ರು. ಈಗ ಇಬ್ಬರ ಕೂಡಾನೂ ಮಾತ ಬಿಟ್ಟಾನ. ಏನ್ ಮಾಡ್ಲಿ ಹೇಳ್ರಿ.
– ಒಬ್ಬ ತಾಯಿ, ಗದಗ

ಉ: ತಾಯಿ, ಮೊದ್ಲು ಅವರಪ್ಪನ ಕೈಲಿ ಒಂದು ಮಾತು ಹೇಳಿಸಿ, ಹೊಡೆದಿದ್ದು ತಪ್ಪಾಯ್ತು ಅಂತ. ಕಷ್ಟ ಇದೆ, ಗೊತ್ತು. ಆದ್ರೆ ಹಿಂಸೆ ಬೇಡ ಅಂತ ಕಪಾಳಕ್ಕೆ ಹೊಡೆದು ಕಲಿಸೋಕಾಗಲ್ಲ, ಹುಡುಗನಿಗೂ ಅದು ಗೊತ್ತು, ಅದಕ್ಕೇ ಮಾತು ಬಿಟ್ಟಿದ್ದಾನೆ.

ಆಮೇಲೆ ಉಪದೇಶ ಬೇಡ. ಆ ರೀಲ್ ನಂಗೂ ತೋರ್ಸಪ್ಪ ಅಂತ ಪಕ್ಕ ಕೂತ್ಕೊಳ್ಳಿ, ಇದು ಯಾವೂರಿಂದು, ಯಾವಾಗಿಂದು, ಮಾಡಿದೋರು ಯಾರು, ಇದನ್ನ ನೋಡಿದ್ರೆ ಅವರಿಗೇನು ಲಾಭ ಅಂತ ಗೊತ್ತಿಲ್ಲದೋರ ಹಾಗೆ ಕೇಳಿ. ಅವನೇ ಹುಡುಕ್ಲಿ. ಪಕ್ಕದ ಕೇರಳದ ಕಣ್ಣೂರು ಜಿಲ್ಲೇಲಿ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೇಲಿ ಮಕ್ಕಳಿಗೆ ಇದನ್ನೇ ಹೇಳ್ಕೊಟ್ರು, ಸುಳ್ಳು ಮೆಸೇಜ್ ಹಿಡಿಯೋದು ಹೇಗೆ ಅಂತ. ಅದೇ ವರ್ಷ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆ ಔರಾದ ತಾಲೂಕಿನ ಮುರ್ಕಿಯಲ್ಲಿ ಏನಾಯ್ತು ನೆನಪಿರ್ಬೇಕು. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರೀಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ರು, ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹರಡ್ತು, ಮುಂದಿನ ಊರಿನೋರು ಕಾರು ತಡೆದು ಹೊಡೆದು ಒಬ್ಬರನ್ನ ಕೊಂದೇಬಿಟ್ರು, ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಈ ಸುದ್ದಿನ ಮಗನಿಗೆ ಓದಿಸಿ, ಓದಿಸಿ ಸುಮ್ನಿರಿ.

ಇನ್ನೊಂದು, ಅವನು ಉಂಡು ಬೆಳೆದ ಮನೆ ಇದೆಯಲ್ಲ, ಅಲ್ಲಿಗೆ ಹೋಗು ಅಂತ ಒತ್ತಾಯ ಬೇಡ, ಆದ್ರೆ ಹೋಗೋಕೆ ಒಂದು ನೆಪ ಮಾಡಿ. ಅವರ ಮನೆ ಮಿಕ್ಸಿ ಕೆಟ್ಟಿದೆ ನೋಡಿ ಬಾ, ಅವರ ಸಣ್ಣ ಹುಡುಗನಿಗೆ ಲೆಕ್ಕ ಬರಲ್ವಂತೆ ಹೇಳ್ಕೊಟ್ಟು ಬಾ, ಹೀಗೆ ಏನಾದ್ರೂ. ಈ ವಯಸ್ಸಲ್ಲಿ ಹುಡುಗರಿಗೆ ತಾನು ಯಾರಿಗೋ ಬೇಕಾದವನು ಅನ್ನಿಸ್ಬೇಕು. ರೀಲ್ಸ್ ಮಾಡೋರು ಆ ಹಸಿವನ್ನ ನಮಗಿಂತ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದಾರೆ.

ಪ್ರ: ಮಕ್ಕಳು ಓದೋದು ಬಿಟ್ಟು ಶಾಂತಿ ಸಮಿತಿ, ಮೆರವಣಿಗೆ ಅಂತ ತಿರುಗಿದ್ರೆ ಕೆಲಸ ಯಾರು ಕೊಡ್ತಾರೆ? ಇದೆಲ್ಲ ದೊಡ್ಡವರ ಕೆಲಸ.
– ನಿವೃತ್ತ ಅಧಿಕಾರಿ, ತುಮಕೂರು

ಉ: ದೊಡ್ಡೋರು ಮಾಡಿ ಮುಗಿಸಿದ್ರೆ ಮಕ್ಕಳು ಓದ್ಕೊಂಡೇ ಇರ್ತಿದ್ರು ಸರ್. ಕೊಲಂಬಿಯಾದಲ್ಲಿ ಸೈನ್ಯ, ಗೆರಿಲ್ಲಾ, ಖಾಸಗಿ ಸಶಸ್ತ್ರ ಗುಂಪು ಅಂತ ಎಲ್ಲರೂ ಬಡಿದಾಡ್ತಿದ್ದ ಕಾಲದಲ್ಲಿ, 1996ರ ಅಕ್ಟೋಬರಲ್ಲಿ ಮಕ್ಕಳೇ ಓಟು ಹಾಕಿದ್ರು. ಸರ್ಕಾರ ಆರಿಸೋಕಲ್ಲ, ನಿಮಗೆ ಯಾವ ಹಕ್ಕು ಎಲ್ಲಕ್ಕಿಂತ ಮುಖ್ಯ ಅನ್ನೋ ಪ್ರಶ್ನೆಗೆ. 27 ಲಕ್ಷ ಮಕ್ಕಳು ಬಂದ್ರು, ಜಾಸ್ತಿ ಓಟು ಬಿದ್ದಿದ್ದು ಬದುಕೋ ಹಕ್ಕಿಗೆ ಮತ್ತು ಶಾಂತಿಗೆ. ಮಾರನೇ ವರ್ಷ ದೊಡ್ಡೋರು ನಾಚಿಕೊಂಡ್ರೋ ಏನೋ, ಒಂದು ಕೋಟಿ ಜನ ಅದೇ ಥರ ಶಾಂತಿಗೆ ಓಟು ಹಾಕಿದ್ರು. ಒಪ್ಪಂದ ಆಗೋಕೆ ಮತ್ತೆ 2016ರವರೆಗೆ ಕಾಯ್ಬೇಕಾಯ್ತು, ಹಾಗಾಗಿ ಓಟು ಹಾಕಿದ್ರು ಯುದ್ಧ ನಿಂತ್ಹೋಯ್ತು ಅಂತ ನಾನು ಹೇಳಲ್ಲ. ಆದ್ರೆ 2014ರಲ್ಲಿ ಅಲ್ಲಿ ಕಾನೂನೇ ಬಂತು, ಎಲ್ಲಾ ಶಾಲೇಲೂ ಶಾಂತಿ ಶಿಕ್ಷಣ ಕಡ್ಡಾಯ ಅಂತ. ಕೆಲಸದ ವಿಷ್ಯಕ್ಕೆ ಬಂದ್ರೆ, ಎಫ್‌ಐಆರಲ್ಲಿ ಹೆಸರು ಬಂದ ಹುಡುಗನಿಗೆ ಪಾಸ್‌ಪೋರ್ಟಿಗೆ ಎಷ್ಟು ಓಡಾಡ್ಬೇಕಾಗುತ್ತೆ ಅಂತ ನಿವೃತ್ತ ಅಧಿಕಾರಿಗಳಾದ ನಿಮಗೇ ಗೊತ್ತು.

ಪ್ರ: ಮೇಡಂ, ನಾನು ಹಾಸ್ಟೆಲ್ ಹುಡುಗ. ಊರಲ್ಲಿ ನಮ್ಮೋರನ್ನ ಇವತ್ತಿಗೂ ದೇವಸ್ಥಾನದ ಒಳಗೆ ಬಿಡಲ್ಲ. ಕೇಳಿದ್ರೆ ಊರಿನ ಶಾಂತಿ ಕೆಡಿಸ್ಬೇಡಿ ಅಂತಾರೆ. ಶಾಂತಿ ಅನ್ನೋ ಪದ ಕೇಳಿದ್ರೇ ಸಿಟ್ಟು ಬರುತ್ತೆ. ನೀವೂ ಅದನ್ನೇ ಹೇಳ್ತೀರಾ?
– ಹೆಸರು ಬೇಡ, ಕೋಲಾರ ಜಿಲ್ಲೆ

ಉ: ಇಲ್ಲಪ್ಪ. ಸಿಟ್ಟು ಬರ್ಬೇಕಾದ್ದೇ.

ನಾರ್ವೆಯ ಯೋಹಾನ್ ಗಾಲ್ಟುಂಗ್ ಅಂತ, ಶಾಂತಿ ಅಧ್ಯಯನ ಅನ್ನೋ ವಿಷ್ಯ ಕಟ್ಟಿದೋರಲ್ಲಿ ಒಬ್ಬರು, 1960ರ ದಶಕದಲ್ಲೇ ಹೇಳಿದ್ರು, ಹೊಡೆದಾಟ ಇಲ್ಲ ಅಂದ ಮಾತ್ರಕ್ಕೆ ಅದು ಅರ್ಧ ಶಾಂತಿ ಅಷ್ಟೆ, ವ್ಯವಸ್ಥೆಯೇ ಒಬ್ಬನನ್ನ ತುಳಿದಿಟ್ಟಿದ್ರೆ ಅದೂ ಹಿಂಸೆನೇ, ಕೈಲಿ ದೊಣ್ಣೆ ಹಿಡಿದೋನು ಕಾಣಿಸಲ್ಲ ಅಷ್ಟೇ ವ್ಯತ್ಯಾಸ ಅಂತ. ಅದಕ್ಕೂ ಎಷ್ಟೋ ಮುಂಚೆ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡ್‌ನಲ್ಲಿ, ದಲಿತರಿಗೆ ನೀರು ಮುಟ್ಟೋಕೆ ಬಿಡದಿದ್ದ ಚವದಾರ್ ಕೆರೆಗೆ ಇಳಿದು ನೀರು ಕುಡಿದಾಗ, ಊರಿನ ಶಾಂತಿ ಕೆಡಿಸಿದ್ರು ಅಂತಾನೇ ಅಂದಿದ್ದು. ಕುಡಿದೋರ ಕೈಲಿ ದೊಣ್ಣೆ ಇರ್ಲಿಲ್ಲ, ಹೊಡೆದೋರ ಕೈಲಿತ್ತು.

ಶಾಂತಿ ಶಿಬಿರ ಮಾಡೋರಿಗೂ ಇದೊಂದು ಮುಳ್ಳು, ಮುಚ್ಚಿಡಲ್ಲ ನಾನು. 1993ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಸೀಡ್ಸ್ ಆಫ್ ಪೀಸ್ ಅಂತ ಶಿಬಿರ ಶುರುವಾಯ್ತು, ಇಸ್ರೇಲ್, ಪ್ಯಾಲೆಸ್ತೀನ್, ಈಜಿಪ್ಟಿನ 46 ಮಕ್ಕಳಿಂದ. ಒಂದೇ ಕ್ಯಾಬಿನಲ್ಲಿ ಮಲಗೋದು, ಆಡೋದು, ದಿನಾ ಕೂತು ಜಗಳದ ವಿಷ್ಯನೇ ಮಾತಾಡೋದು. ಎಷ್ಟೋ ಗೆಳೆತನ ಹುಟ್ಟಿದ್ದು ನಿಜ. ಅಲ್ಲಿಗೆ ಹೋಗಿ ಬಂದ ಅಸೀಲ್ ಅಸ್ಲೆ ಅನ್ನೋ ಹುಡುಗ, ಇಸ್ರೇಲ್ ಪ್ರಜೆ, ಅರಬ್, 17 ವರ್ಷ, 2000ದ ಅಕ್ಟೋಬರಲ್ಲಿ ತನ್ನೂರಿನ ಪ್ರತಿಭಟನೆ ಹತ್ರ ಪೊಲೀಸರ ಗುಂಡಿಗೆ ಸತ್ತ. ಮೈಮೇಲೆ ಇದ್ದಿದ್ದು ಅದೇ ಶಿಬಿರದ ಹಸಿರು ಟೀ ಶರ್ಟು. ಯಾವ ಪೊಲೀಸ್ ಮೇಲೂ ಕೇಸ್ ನಡೀಲಿಲ್ಲ. ಶಿಬಿರದಲ್ಲಿ ಇಬ್ಬರು ಹುಡುಗರು ಸಮ ಇರ್ಬಹುದು, ಬಸ್ ಹತ್ತಿ ಊರಿಗೆ ಬಂದ್ರೆ ಸಮ ಇರಲ್ಲ. ಅದನ್ನ ಮಾತಾಡದೇ ಬರೀ ಕೈ ಕುಲುಕಿಸಿ ಕಳಿಸೋ ಶಿಬಿರ ಇದ್ರೆ ನೀನು ಹೋಗದಿದ್ರೂ ಪರವಾಗಿಲ್ಲ. ದೇವಸ್ಥಾನದ ವಿಷ್ಯ ಕಾನೂನಿನ ವಿಷ್ಯ, ಒಳಗೆ ಬಿಡದೇ ಇರೋದು ಅಪರಾಧ. ತಹಶೀಲ್ದಾರ್ ಮತ್ತು ಸಮಾಜ ಕಲ್ಯಾಣ ಇಲಾಖೆಗೆ ಬರವಣಿಗೇಲಿ ಕೊಡಿ, ನಿಮ್ಮ ಹಾಸ್ಟೆಲಿನ ಬೇರೆ ಜಾತಿ ಗೆಳೆಯರು ಇದ್ರೆ ಅವರ ಸೈನೂ ಹಾಕ್ಸಿ. ನನ್ನ ಡ್ಯೂಟಿ ಲಿಸ್ಟ್ ಕಥೆ ಮೇಲೆ ಬರೆದಿದೀನಿ, ಆ ಲಿಸ್ಟಲ್ಲಿ ಮೂರು ದಿನ ಪಾತ್ರೆ ತೊಳೆದವರಲ್ಲಿ ಒಬ್ಬ ನಿನ್ನ ಥರದವನೇ ಇದ್ದ. ಅವತ್ತು ಅವನು ನನ್ನ ಹತ್ರ ಬರ್ಲಿಲ್ಲ, ಬಂದಿದ್ದು ಬಡಿಸೋ ಲಿಸ್ಟಲ್ಲಿದ್ದ ಹುಡುಗಿ.

ಪ್ರ: ಅಕ್ಕಾ, ನಾವು ಬೆಲ್‌ಫಾಸ್ಟಿಗೆ ಬಂದು ಎರಡು ವರ್ಷ ಆಯ್ತು, ಆಸ್ಪತ್ರೇಲಿ ಕೆಲಸ. ಮಗಳನ್ನ ಶಾಲೆಗೆ ಸೇರಿಸ್ಬೇಕು ಅಂದಾಗ ಎಲ್ಲರೂ ಕೇಳಿದ್ದು, ಕ್ಯಾಥೊಲಿಕ್ ಶಾಲೆನಾ, ಇನ್ನೊಂದಾ, ಇಂಟಿಗ್ರೇಟೆಡ್ಡಾ ಅಂತ. ನಾವು ಲಿಂಗಾಯತರು, ಯಾವುದಕ್ಕೆ ಅಂತ ಹೇಳೋದು?
– ಬೆಲ್‌ಫಾಸ್ಟ್ ಕನ್ನಡತಿ, ಮೂಲ ದಾವಣಗೆರೆ

ಉ: ಇಂಟಿಗ್ರೇಟೆಡ್, ಅಂದ್ರೆ ಕ್ಯಾಥೊಲಿಕ್ ಪ್ರೊಟೆಸ್ಟೆಂಟ್ ಮಕ್ಕಳು ಒಟ್ಟಿಗೇ ಓದೋ ಶಾಲೆ, ಹತ್ರದಲ್ಲಿದ್ರೆ ಅದನ್ನೇ ನೋಡಮ್ಮ. ಆ ಶಾಲೆಗಳು ಸರ್ಕಾರದ ತಲೇಲಿ ಹುಟ್ಟಿದ್ದಲ್ಲ, ತಂದೆತಾಯಿ ಹಠ ಹಿಡಿದು ಮಾಡಿದ್ದು. 1960ರ ದಶಕದ ಕೊನೆಯಿಂದ 1998ರವರೆಗೆ ಉತ್ತರ ಐರ್ಲೆಂಡಲ್ಲಿ ಈ ಎರಡು ಕಡೆಯವರ ಮಧ್ಯ ನಡೆದ ಗಲಭೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ರು, ಅದರ ಮಧ್ಯದಲ್ಲೇ 1981ರಲ್ಲಿ ಲಾಗನ್ ಕಾಲೇಜ್ ಅಂತ ಶುರುವಾಯ್ತು, ಎರಡೂ ಕಡೆ ಮಕ್ಕಳು ಸೇರಿ 28 ಜನ, ಜಾಗ ಇಲ್ಲದೆ ಒಂದು ಸ್ಕೌಟ್ ಹಾಲಲ್ಲಿ. ಈಗ ಅಂಥ ಶಾಲೆ ಎಪ್ಪತ್ತರ ಹತ್ರ ಇವೆ, ಆದ್ರೂ ನೂರಕ್ಕೆ ಹತ್ತು ಮಕ್ಕಳೂ ಅಲ್ಲಿ ಓದ್ತಿಲ್ಲ. ಉಳಿದೋರು ಬೇರೆ ಬೇರೆಯಾಗೇ ಬೆಳೀತಾರೆ, ಬೇರೆ ಯೂನಿಫಾರ್ಮ್, ಎಷ್ಟೋ ಸಲ ಆಟನೂ ಬೇರೆ. ನಿಮ್ಮೂರಲ್ಲಿ ಪೀಸ್ ವಾಲ್ ಅಂತ ಕೇರಿಗಳ ಮಧ್ಯ ಎತ್ತರದ ಗೋಡೆ ನೋಡಿರ್ತೀರಲ್ಲ, ಹೆಸರು ಶಾಂತಿ ಗೋಡೆ, ಕೆಲಸ ಬೇರ್ಪಡಿಸೋದು. 2021ರ ಏಪ್ರಿಲಲ್ಲಿ ಅಂಥ ಒಂದು ಗೋಡೆಯ ಗೇಟ್ ಹತ್ರ ಪೆಟ್ರೋಲ್ ಬಾಂಬ್ ಎಸೆದ ಗುಂಪಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿದ್ರು. 1998ರ ಶಾಂತಿ ಒಪ್ಪಂದ ಆಗಿ ಹತ್ತು ವರ್ಷದ ಮೇಲೆ ಹುಟ್ಟಿದ ಮಕ್ಕಳು ಅವು, ಅವರ ಕಣ್ಣೆದುರು ಯಾವ ಯುದ್ಧನೂ ಆಗಿರ್ಲಿಲ್ಲ. ದೊಡ್ಡೋರು ಸೈನ್ ಹಾಕಿದ ಶಾಂತಿ ಮಕ್ಕಳಿಗೆ ತಾನಾಗೇ ಇಳಿದು ಬರಲ್ಲ, ಆಸ್ತಿ ಪತ್ರದ ಥರ ಅಲ್ಲ ಅದು. ರಜೆ ಸಿಕ್ಕಾಗ ಉತ್ತರದ ಸಮುದ್ರ ತೀರದಲ್ಲಿ ಬ್ಯಾಲಿಕ್ಯಾಸಲ್ ಹತ್ರ ಕೊರಿಮೀಲಾ ಅಂತ ಇದೆ, ಗಲಭೆ ಶುರುವಾಗೋಕೆ ಮುಂಚೆನೇ 1965ರಲ್ಲಿ ಎರಡೂ ಕಡೆಯವರು ಒಟ್ಟಿಗೆ ಬಂದಿರ್ಲಿ ಅಂತ ರೇ ಡೇವಿ ಅನ್ನೋ ಪಾದ್ರಿ ಕಟ್ಟಿದ್ದು. ಹೋಗಿ ಬಂದು ನನಗೆ ಬರೀರಿ.

ಪ್ರ: ಸೌಹಾರ್ದ ಕಬಡ್ಡಿ ಟೂರ್ನಿ ಮಾಡೋಣ ಅಂತಿದೀವಿ, ಕೇರಿಗೊಂದು ಟೀಮ್. ಹೇಗಿದೆ ಐಡಿಯಾ?
– ಯುವಕ ಸಂಘ, ಮಂಡ್ಯ ಜಿಲ್ಲೆ

ಉ: ಕೇರಿಗೊಂದು ಟೀಮ್ ಮಾಡಿದ್ರೆ ಅದು ಕಬಡ್ಡಿ ಹೆಸರಲ್ಲಿ ಯುದ್ಧ. ಎಲ್ಲಾ ಕೇರಿ ಹುಡುಗರ ಹೆಸರು ಚೀಟಿ ಎತ್ತಿ ಟೀಮ್ ಮಾಡಿ, ಒಂದು ತಿಂಗಳು ಒಟ್ಟಿಗೆ ಪ್ರಾಕ್ಟೀಸ್ ಮಾಡ್ಲಿ, ಆಮೇಲೆ ಟೂರ್ನಿ.

ಪ್ರ: ಯಾವಾಗ್ಲೂ ಹೊರದೇಶದ ಉದಾಹರಣೆನೇ ಕೊಡ್ತಾರೆ. ನಮ್ಮ ಕಡೆಯವರು ಯಾರೂ ಈ ಕೆಲಸ ಮಾಡಿಲ್ವೇ?
– ಹಿರಿಯ ಓದುಗರು, ಮೈಸೂರು

ಉ: ಮಾಡಿದ್ದಾರೆ ಸರ್, ನಾವೇ ಮರೆತಿದ್ದೀವಿ. ಎಸ್.ಎನ್. ಸುಬ್ಬರಾವ್, 1929ರಲ್ಲಿ ಬೆಂಗಳೂರಲ್ಲಿ ಹುಟ್ಟಿದೋರು. 1942ರಲ್ಲಿ ಹದಿಮೂರು ವರ್ಷದ ಸ್ಕೂಲ್ ಹುಡುಗ ಆಗಿದ್ದಾಗ್ಲೇ ಕ್ವಿಟ್ ಇಂಡಿಯಾ ಅಂತ ಗೋಡೆ ಮೇಲೆ ಬರೆದು ಪೊಲೀಸರ ಕೈಗೆ ಸಿಕ್ಕಿದ್ರು. ಆಮೇಲೆ ಉತ್ತರಕ್ಕೆ ಹೋಗಿ ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದ್ರು, ಆ ಕಣಿವೆ ಡಕಾಯಿತರ ಊರು, ಜನ ಹಗಲು ಹೊತ್ತಲ್ಲೂ ಓಡಾಡೋಕೆ ಹೆದರ್ತಿದ್ರು. 1972ರ ಏಪ್ರಿಲಲ್ಲಿ ಜಯಪ್ರಕಾಶ್ ನಾರಾಯಣ್ ಮುಂದೆ ಮೋಹರ್ ಸಿಂಗ್, ಮಾಧೋ ಸಿಂಗ್ ಥರದ ಹೆಸರಾಂತ ಡಕಾಯಿತರು ಗಾಂಧಿ ಫೋಟೋ ಎದುರು ಬಂದೂಕು ಇಟ್ಟಿದ್ದು ಅಲ್ಲೇ.

ಆದ್ರೆ ನನಗೆ ಅವರ ಬೇರೆ ಕೆಲಸ ದೊಡ್ಡದು ಅನ್ಸುತ್ತೆ. ನ್ಯಾಷನಲ್ ಯೂತ್ ಪ್ರಾಜೆಕ್ಟ್ ಅಂತ ಮಾಡಿ ದಶಕಗಟ್ಟಲೆ ದೇಶದ ಮೂಲೆ ಮೂಲೇಲಿ ಯುವಕರ ಶಿಬಿರ ನಡೆಸಿದ್ರು, ಗಲಭೆ ಆದ ಊರು ಬಿಡ್ಲಿಲ್ಲ. ಕಾಶ್ಮೀರದ ಹುಡುಗ, ಮಣಿಪುರದ ಹುಡುಗಿ, ನಮ್ಮ ಧಾರವಾಡದೋನು ಎಲ್ಲಾ ಒಟ್ಟಿಗೆ ಗುದ್ದಲಿ ಹಿಡಿಯೋದು, ಸಂಜೆ ಹದಿನೆಂಟು ಭಾಷೇಲಿ ಹಾಡೋದು. ಶಿಬಿರಕ್ಕೆ ಬಂದೋರೆಲ್ಲ ಅವರನ್ನ ಕರೀತಿದ್ದಿದ್ದು ಭಾಯಿಜಿ ಅಂತ. ತೊಂಬತ್ತು ದಾಟಿದ್ರೂ ಅದೇ ಖಾದಿ ಚಡ್ಡಿ, ಅದೇ ಬಿಳಿ ಅಂಗಿ. ಪದ್ಮಶ್ರೀ ಬಂತು, 2021ರ ಅಕ್ಟೋಬರಲ್ಲಿ ಜೈಪುರದಲ್ಲಿ ತೀರ್ಕೊಂಡ್ರು, ಅಂತ್ಯಸಂಸ್ಕಾರ ಜೌರಾದಲ್ಲಿ. ಬೆಂಗಳೂರಲ್ಲಿ ಹತ್ತು ಜನ ಹುಡುಗರನ್ನ ನಿಲ್ಲಿಸಿ ಈ ಹೆಸರು ಕೇಳಿ ನೋಡಿ ಸರ್.

ಪ್ರ: ಮೇಡಂ, ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರಕ್ಕೆ ಈ ಸಲ ನಾನೇ ಸ್ಟೂಡೆಂಟ್ ಲೀಡರ್. 40 ಜನ, ಮೂರು ತಾಲೂಕಿನೋರು. ಭಯ ಆಗ್ತಿದೆ. ಮೊದಲನೇ ದಿನ ಏನ್ ಮಾಡ್ಲಿ?
– ಬಿಎ ವಿದ್ಯಾರ್ಥಿನಿ, ಶಿರಸಿ

ಉ: ಭಯ ಆಗ್ಲಿ ಪುಟ್ಟಿ, ನನಗೆ ಆಗಿರ್ಲಿಲ್ಲ, ಅದೇ ಎಡವಟ್ಟಾಗಿದ್ದು. ಮಲಗೋ ಜಾಗ ಅವರವರೇ ಹಿಡ್ಕೊಳ್ಳೋಕೆ ಮುಂಚೆ ನೀನೇ ತಾಲೂಕು ಬೆರೆಸಿ ಚಾಪೆ ಹಾಕ್ಸು. ಕೆಲಸಕ್ಕೆ ಇಬ್ಬಿಬ್ಬರ ಜೋಡಿ ಮಾಡು, ಒಂದೇ ಊರಿನೋರು ಜೋಡಿ ಆಗೋದು ಬೇಡ, ಜೋಡಿ ಏಳು ದಿನನೂ ಅದೇ ಇರ್ಲಿ, ಕೆಲಸ ಮಾತ್ರ ದಿನಾ ಬದಲಾಗ್ಲಿ. ರಾತ್ರಿ ಹತ್ತು ನಿಮಿಷ ಎಲ್ಲರೂ ಗುಂಡಗೆ ಕೂತು ಇವತ್ತು ಏನು ಸರಿ ಇರ್ಲಿಲ್ಲ ಅಂತ ಹೇಳೋಕೆ ಟೈಮ್ ಇಡು, ಆಫೀಸರ್ ಆ ಹೊತ್ತಲ್ಲಿ ಉತ್ತರ ಕೊಡಬಾರ್ದು, ಕೇಳ್ಬೇಕು ಅಷ್ಟೆ, ಇದನ್ನ ಅವರಿಗೆ ಮೊದ್ಲೇ ಹೇಳ್ಬಿಡು. ಉಪನ್ಯಾಸ ಏಳರ ಬದಲು ಮೂರು ಸಾಕು. ಮತ್ತೆ ಡ್ಯೂಟಿ ಲಿಸ್ಟ್ ದೊಡ್ಡ ಅಕ್ಷರದಲ್ಲಿ ಅಡುಗೆಮನೆ ಬಾಗಿಲಿಗೇ ಅಂಟಿಸು, ಪಾತ್ರೆ ತೊಳೆಯೋ ಕಾಲಮ್ಮಲ್ಲಿ ಮೊದಲನೇ ದಿನ ನಿನ್ನ ಹೆಸರು ಬರಿ, ಪಕ್ಕದಲ್ಲಿ ಆಫೀಸರ್ ಹೆಸರು.